ಪುಟ 142 ತಲೆಕೆಳಗಾಗಿತ್ತು

ಪಿಎಚ್‌ಡಿ ಸಿಕ್ಕಿ ಎರಡು ತಿಂಗಳಾದ ಮೇಲೆ ಒಂದು ಭಾನುವಾರ ನನ್ನ ಥೀಸಿಸ್ಸಿನ ಒಂದು ಪ್ರತಿ ಹಿಡಿದುಕೊಂಡು ಶಿವಮೊಗ್ಗ ಜಿಲ್ಲೆಯ ಸಾಗರ ಪೇಟೆಯ ಆಚೆಯ ಒಂದು ಹಳ್ಳಿಗೆ ಹೋದೆ. ಕೆಂಪು ರೆಕ್ಸಿನ್ ಬೈಂಡು, ಮೇಲೆ ಬಂಗಾರದ ಬಣ್ಣದ ಅಕ್ಷರ, ಸುಮಾರು ಮುನ್ನೂರು ಪುಟ. ಅದರಲ್ಲಿ ಇರುವುದರ ಅರ್ಧಕ್ಕಿಂತ ಜಾಸ್ತಿ ನನಗೆ ಹೇಳಿಕೊಟ್ಟವರು ಆ ಹಳ್ಳಿಯ ಒಬ್ಬ ಅಜ್ಜಿ. ಮಲೆನಾಡಿನ ದೀವರು ಸಮುದಾಯದ ಮನೆಗಳಲ್ಲಿ ಮದುವೆಗೆ ಗೋಡೆ ಮೇಲೆ ಹಸೆ ಚಿತ್ತಾರ ಬರೆಯುವ ಚಿತ್ತಾರಗಿತ್ತಿ. ನನ್ನ ಥೀಸಿಸ್ ಆ ಚಿತ್ತಾರದ ಮೇಲೆಯೇ. ಅವರ ಹೆಸರು ಹಾಕುತ್ತಿಲ್ಲ. ಫೇಸ್‌ಬುಕ್ಕಿನಲ್ಲಿ ಹಾಕಲಾ ಅಂತ ಅವರನ್ನು ಕೇಳಿಲ್ಲ.

ಅಜ್ಜಿಗೆ ಓದಲು ಬರುವುದಿಲ್ಲ. ಸೆರಗಿಗೆ ಕೈ ಒರೆಸಿಕೊಂಡು ಪುಸ್ತಕವನ್ನು ತೊಡೆ ಮೇಲೆ ಇಟ್ಟುಕೊಂಡರು. ಅಕ್ಷರದ ಪುಟಗಳನ್ನು ಬೇಗ ಬೇಗ ಮಗುಚಿದರು. ಫೋಟೋ ಬಂದ ಕಡೆ ನಿಂತರು. ಒಂದು ಫೋಟೋ ಮೇಲೆ ತೋರುಬೆರಳಿಟ್ಟು ಚಿತ್ತಾರದ ಗೆರೆಗಳನ್ನು, ಅವರ ಮಾತಲ್ಲಿ ಎಳೆಗಳನ್ನು, ಎಣಿಸಿದರು. ಮತ್ತೆ ಮೊದಲಿಂದ ಎಣಿಸಿದರು. ಆಮೇಲೆ ಪುಸ್ತಕವನ್ನೇ ತಿರುಗಿಸಿ ಹಿಡಿದರು.

"ಇದು ತಲೆಕೆಳಗಾಗೈತಲ್ಲೇ ತಂಗಿ. ಇದು ಬುಡದ ಎಳೆ. ಮೇಲೆ ಹೆಂಗೆ ಬಂತು?"

ಪುಟ 142. ಹಸೆಯ ಅಂಚನ್ನು ಹತ್ತಿರದಿಂದ ತೆಗೆದ ಫೋಟೋ. ನಾನು ಕಂಪ್ಯೂಟರಿಗೆ ಹಾಕಿಕೊಳ್ಳುವಾಗಲೇ ತಿರುಗಿಬಿಟ್ಟಿತ್ತು. ನಾನು ಗಮನಿಸಿರಲಿಲ್ಲ. ಗೈಡ್ ಗಮನಿಸಿರಲಿಲ್ಲ. ಹೊರಗಿನ ಇಬ್ಬರು ಪರೀಕ್ಷಕರು ಪೂರ್ತಿ ಓದಿ ವರದಿ ಕಳಿಸಿದ್ದರು, ಅವರೂ ಗಮನಿಸಿರಲಿಲ್ಲ. ಬರೀ ಫೋಟೋ ತಿರುಗಿದ್ದರೆ ಅಷ್ಟು ಬೇಜಾರಾಗುತ್ತಿರಲಿಲ್ಲ. ಆ ಎಳೆಗಳು ಮೇಲಕ್ಕೆ ಹೋದಂತೆ ಯಾಕೆ ಒತ್ತಾಗುತ್ತವೆ ಅಂತ ನಾನು ಒಂದೂವರೆ ಪುಟ ವಿಶ್ಲೇಷಣೆ ಬರೆದಿದ್ದೆ. ವೈವಾ, ಅಂದರೆ ಕೊನೆಯ ಮೌಖಿಕ ಪರೀಕ್ಷೆಯ ದಿನ ಅದೇ ಚಿತ್ರವನ್ನು ಪರದೆ ಮೇಲೆ ಹಾಕಿ ಅದನ್ನೇ ವಿವರಿಸಿದ್ದೆ. ಎಲ್ಲರೂ ತಲೆಯಾಡಿಸಿದ್ದರು.

ವಾಪಸ್ ಬರುವಾಗ ಬಸ್ಸಿನಲ್ಲಿ ಒಂದೇ ಪ್ರಶ್ನೆ ಕೊರೆಯುತ್ತಿತ್ತು. ಅವತ್ತು ಅಜ್ಜಿ ಯಾಕೆ ಆ ಹಾಲ್‌ನಲ್ಲಿ ಇರಲಿಲ್ಲ? ನಾನು ಕರೆದಿರಲಿಲ್ಲ. ಕರೆಯಬೇಕು ಅಂತ ನನ್ನ ತಲೆಗೇ ಬಂದಿರಲಿಲ್ಲ. ಕೆಂಪು ಗೋಡೆಗೆ ಕೆಮ್ಮಣ್ಣು, ಬಿಳಿಗೆ ಅಕ್ಕಿ ಹಿಟ್ಟು, ಕಪ್ಪಿಗೆ ಸುಟ್ಟ ಅಕ್ಕಿ, ಹಳದಿಗೆ ಗುರುಗೆ ಕಾಯಿ, ಪುಂಡಿ ನಾರಿನ ಕುಂಚ. ಒಂದೊಂದನ್ನೂ ಕೈಯಲ್ಲಿ ಹಿಡಿದು ತೋರಿಸಿದವರು ಅವರು. ಐದು ವರ್ಷ ಅವರ ಜಗಲಿಯಲ್ಲಿ ಕೂತು ಊಟ ಮಾಡಿದ್ದೇನೆ. ಆದರೂ ಪರೀಕ್ಷೆಗೆ ಅವರು ಬೇಡವಾಗಿದ್ದರು.

ನಮ್ಮಲ್ಲಿ ವೈವಾ ಮುಕ್ತ ಅಂತಲೇ ಹೇಳುತ್ತೇವೆ. ವಿಶ್ವವಿದ್ಯಾಲಯಗಳಿಗೆ ನಿಯಮ ಮಾಡುವ ಯುಜಿಸಿಯ 2022ರ ಪಿಎಚ್‌ಡಿ ನಿಯಮ ತೆಗೆದು ನೋಡಿ. ವೈವಾಗೆ ಯಾರು ಬರಬಹುದು ಅಂತ ಇದೆ: ಸಂಶೋಧನಾ ಸಲಹಾ ಸಮಿತಿಯವರು, ಅಧ್ಯಾಪಕರು, ಸಂಶೋಧಕರು, ವಿದ್ಯಾರ್ಥಿಗಳು. ಅಲ್ಲಿಗೆ ಪಟ್ಟಿ ಮುಗಿಯಿತು. ಯಾರ ಮನೆ, ಯಾರ ತೋಟ, ಯಾರ ಹಾಡು ನೋಡಿ ಥೀಸಿಸ್ ಬರೆದೆವೋ ಅವರ ಸುದ್ದಿಯೇ ಅಲ್ಲಿಲ್ಲ. ನನ್ನ ವೈವಾಗೆ ನೋಟಿಸ್ ಬೋರ್ಡಿನಲ್ಲಿ ಒಂದು ಹಾಳೆ ಅಂಟಿಸಿದ್ದರು. ಇಪ್ಪತ್ತು ಜನ ಬಂದಿದ್ದರು, ಹಾಜರಿ ಪುಸ್ತಕಕ್ಕೆ ಸಹಿ ಹಾಕಿದರು. ಕೇಳಿದ ಪ್ರಶ್ನೆಗಳಲ್ಲಿ ನನಗೆ ನೆನಪಿರುವುದು ಅಡಿಟಿಪ್ಪಣಿಯ ಕ್ರಮದ ಬಗ್ಗೆ, ಮತ್ತೆ ಅಧ್ಯಯನದ ವ್ಯಾಪ್ತಿಯ ಬಗ್ಗೆ.

ಬೇರೆ ದೇಶಗಳಲ್ಲಿ ಈ ದಿನವನ್ನು ಹೇಗೆ ಮಾಡುತ್ತಾರೆ ಅಂತ ಆಮೇಲೆ ಹುಡುಕಿ ಓದತೊಡಗಿದೆ. ಸ್ವೀಡನ್‌ನಲ್ಲಿ ಹಳೆಯ ಪದ್ಧತಿಯೊಂದು ಇನ್ನೂ ನಡೆಯುತ್ತಿದೆ. ವೈವಾಗೆ ಸಾಮಾನ್ಯವಾಗಿ ಮೂರು ವಾರ ಮೊದಲು ಥೀಸಿಸ್ಸನ್ನು ವಿಶ್ವವಿದ್ಯಾಲಯದ ಹಲಗೆಗೋ ಗೋಡೆಗೋ ಮೊಳೆ ಹೊಡೆದು ನೇತುಹಾಕುತ್ತಾರೆ. ಯಾರು ಬೇಕಾದರೂ ಓದಲಿ, ಓದಿ ಬಂದು ಕೇಳಲಿ ಅಂತ. ವೈವಾದಲ್ಲಿ ಎದುರು ವಾದ ಮಾಡುವುದಕ್ಕೇ ಒಬ್ಬರಿರುತ್ತಾರೆ. ಅವರದು ಮುಗಿದ ಮೇಲೆ ಸಭೆಯಲ್ಲಿ ಕೂತವರಿಗೂ ಪ್ರಶ್ನೆ ಕೇಳುವ ಅವಕಾಶ ಇದೆ. ನೆದರ್‌ಲ್ಯಾಂಡ್ಸ್‌ನಲ್ಲಿ ಅಪ್ಪ, ಅಮ್ಮ, ನೆಂಟರು, ಪಕ್ಕದ ಮನೆಯವರು ಎಲ್ಲ ಬಂದು ಕೂರುತ್ತಾರೆ. ಹಲವು ಕಡೆ ಸಂಶೋಧಕರು ಮೊದಲು ಸಾಮಾನ್ಯ ಜನರಿಗೆ ಅರ್ಥವಾಗುವ ಹಾಗೆ ತಮ್ಮ ಕೆಲಸವನ್ನು ಹೇಳಬೇಕು, ಪ್ರಾಧ್ಯಾಪಕರ ಪ್ರಶ್ನೆ ಆಮೇಲೆ. ಸಮಯ ಮುಗಿದಾಗ ದಂಡ ಹಿಡಿದ ಅಧಿಕಾರಿ ಬಂದು ಲ್ಯಾಟಿನ್‌ನಲ್ಲಿ "ಹೋರಾ ಎಸ್ಟ್" ಅನ್ನುತ್ತಾರೆ, ಹೊತ್ತಾಯಿತು ಅಂತ.  

ನನ್ನನ್ನು ಹಿಡಿದು ನಿಲ್ಲಿಸಿದ್ದು ಪೆರು ದೇಶದ ಸುದ್ದಿ. ಲಿಮಾ ನಗರದ ಸ್ಯಾನ್ ಮಾರ್ಕೋಸ್ ವಿಶ್ವವಿದ್ಯಾಲಯ ಶುರುವಾಗಿದ್ದು 1551ರಲ್ಲಿ. 2019ರ ಅಕ್ಟೋಬರ್‌ನಲ್ಲಿ ರೊಕ್ಸಾನಾ ಕಿಸ್ಪೆ ಕೊಲ್ಯಾಂಟೆಸ್ ಎಂಬ ಹೆಣ್ಣುಮಗಳು ಅಲ್ಲಿ ಕೆಚುವಾ ಭಾಷೆಯಲ್ಲಿ ಥೀಸಿಸ್ ಬರೆದು, ಕೆಚುವಾದಲ್ಲೇ ಉತ್ತರ ಕೊಟ್ಟು ಡಾಕ್ಟರೇಟ್ ಪಡೆದರು. ಇಂಕಾಗಳ ಕಾಲದ ಭಾಷೆ, ಇವತ್ತೂ ಲಕ್ಷಾಂತರ ಜನ ಮಾತಾಡುವ ಭಾಷೆ, ಆ ಬಾಗಿಲು ದಾಟಲು 468 ವರ್ಷ ಬೇಕಾಯಿತು. ಕೋಕಾ ಎಲೆ, ಮೆಕ್ಕೆಜೋಳದ ಮದ್ಯ ಇಟ್ಟು ತಮ್ಮ ಕಡೆಯ ಪದ್ಧತಿಯಂತೆ ಪೂಜೆ ಮಾಡಿ ವೈವಾ ಶುರು ಮಾಡಿದರಂತೆ. ಅದನ್ನು ಓದುವಾಗ ನನ್ನ ಕಣ್ಣಲ್ಲಿ ನೀರು ಬಂತು. ನಾವು ಕನ್ನಡದಲ್ಲಿ ಥೀಸಿಸ್ ಬರೆಯುವುದು ಹೊಸದಲ್ಲ, ಆ ಹಕ್ಕು ನಮಗೆ ಎಂದೋ ಸಿಕ್ಕಿದೆ. ಆದರೆ ನಾನು ಬರೆದ ಕನ್ನಡ ಅಜ್ಜಿಗೆ ತಿಳಿಯುವ ಕನ್ನಡವಾ? ಒಂದು ಪ್ಯಾರಾ ಓದಿ ಹೇಳಿದಾಗ ಅವರು ಸುಮ್ನೆ ಕೂತಿದ್ದರು. ಆಮೇಲೆ "ನಾ ಹೇಳಿದ್ದು ಇದ್ರಾಗೆ ಎಲ್ಲೈತೆ?" ಅಂದರು.

ಎಲ್ಲ ಕಡೆ ಹೀಗೆ ತೆರೆದ ಬಾಗಿಲು ಅಂತ ಅಲ್ಲ. ಇಂಗ್ಲೆಂಡಿನಲ್ಲಿ ಸಾಮಾನ್ಯವಾಗಿ ಇಬ್ಬರು ಪರೀಕ್ಷಕರು ಬಾಗಿಲು ಮುಚ್ಚಿಕೊಂಡೇ ವೈವಾ ಮಾಡುತ್ತಾರೆ. ಆಸ್ಟ್ರೇಲಿಯಾದಲ್ಲಿ ಬಹುಕಾಲ ವೈವಾ ಇರಲೇ ಇಲ್ಲ, ಪರೀಕ್ಷಕರ ವರದಿಯೇ ಕೊನೆ. ಈಗೀಗ ಅಲ್ಲೂ ಶುರುವಾಗುತ್ತಿದೆ. ಥೀಸಿಸ್ಸಿನ ರೂಪವೂ ಬದಲಾಗುತ್ತಿದೆ. 2014ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಟೀಚರ್ಸ್ ಕಾಲೇಜಿಗೆ ನಿಕ್ ಸೌಸಾನಿಸ್ ಕೊಟ್ಟ ಥೀಸಿಸ್ ಪೂರ್ತಿ ಕಾಮಿಕ್ಸ್. ಚೀನಾದಲ್ಲಿ 2025ರ ಜನವರಿಯಿಂದ ಜಾರಿಗೆ ಬಂದ ಪದವಿ ಕಾನೂನಿನಲ್ಲಿ, ವೃತ್ತಿಪರ ಡಾಕ್ಟರೇಟ್ ಮಾಡುವವರು ಥೀಸಿಸ್ ಬದಲು ತಾವು ಮಾಡಿದ ಕೆಲಸವನ್ನೇ ಮುಂದಿಡಬಹುದು. ಚಿತ್ತಾರದ ಬಗ್ಗೆ ಬರೆಯುವ ಹುಡುಗಿ ಮುನ್ನೂರು ಪುಟದ ಜೊತೆ ಒಂದು ಗೋಡೆಯನ್ನೂ ಬರೆದು ತೋರಿಸಲಿ ಅಂದರೆ ತಪ್ಪೇನು? ನನಗೆ ಇವತ್ತಿಗೂ ಒಂದು ಎಳೆ ನೇರವಾಗಿ ಎಳೆಯಲು ಬರುವುದಿಲ್ಲ. ಆ ಕೈ ಕಲಿಯದೆ ಡಾಕ್ಟರ್ ಆದೆ ಅನ್ನುವುದು ನನ್ನನ್ನು ಚುಚ್ಚುತ್ತದೆ.

ನಮ್ಮಲ್ಲಿ ಬದಲಾವಣೆ ಆಗಿಲ್ಲ ಅಂತ ಯಾರೂ ಹೇಳುವ ಹಾಗಿಲ್ಲ. 2014-15ರಲ್ಲಿ ದೇಶದಲ್ಲಿ ಪಿಎಚ್‌ಡಿ ಮಾಡುತ್ತಿದ್ದವರು 1.17 ಲಕ್ಷ, 2021-22ಕ್ಕೆ 2.13 ಲಕ್ಷ. ಅದರಲ್ಲಿ 99 ಸಾವಿರ ಹೆಣ್ಣುಮಕ್ಕಳು. ಇದು ನನಗೆ ದೊಡ್ಡ ಖುಷಿಯ ವಿಷಯ. ಪಿಎಚ್‌ಡಿಗೆ ಮೊದಲು ಮಾಡುತ್ತಿದ್ದ ಎಂಫಿಲ್ ಪದವಿ ನಿಂತಿತು. ನಾಲ್ಕು ವರ್ಷದ ಡಿಗ್ರಿಯಲ್ಲಿ ಶೇ. 75 ಅಂಕ ತೆಗೆದವರು ನೇರವಾಗಿ ಪಿಎಚ್‌ಡಿಗೆ ಬರಬಹುದು. 2024ರಿಂದ ಪ್ರವೇಶಕ್ಕೆ ನೆಟ್ ಎಂಬ ರಾಷ್ಟ್ರಮಟ್ಟದ ಅರ್ಹತಾ ಪರೀಕ್ಷೆಯ ಅಂಕವನ್ನೇ ಬಳಸುವ ವ್ಯವಸ್ಥೆ ಬಂದಿದೆ. ಗಮನಿಸಿ, ಇದರಲ್ಲಿ ಜಾಸ್ತಿ ಮಾತು ಒಳಗೆ ಹೋಗುವ ಬಾಗಿಲಿನದು. ಹೊರಗೆ ಬರುವಾಗ ಏನು ಕೇಳಬೇಕು ಅನ್ನುವುದರ ಬಗ್ಗೆ ಅಷ್ಟು ಚರ್ಚೆ ಇಲ್ಲ.

ಹೊರಗೆ ಬರುವ ದಾರಿಯಲ್ಲಿ ಆದ ದೊಡ್ಡ ಬದಲಾವಣೆ ಅಂದರೆ, ಥೀಸಿಸ್ ಕೊಡುವ ಮೊದಲು ಒಂದಾದರೂ ಲೇಖನ ಜರ್ನಲ್ಲಿನಲ್ಲಿ ಪ್ರಕಟವಾಗಿರಲೇಬೇಕು ಅನ್ನುವ ಕಡ್ಡಾಯ 2022ರಲ್ಲಿ ಹೋಯಿತು. ನಾನು ಆ ಕಡ್ಡಾಯ ಇದ್ದಾಗಿನವಳು. ದುಡ್ಡು ಕಟ್ಟಿ ಒಂದು ಲೇಖನ ಪ್ರಕಟಿಸಿದೆ. ಅದನ್ನು ಯಾರೂ ತಿದ್ದಲಿಲ್ಲ, ಯಾರೂ ಓದಿದ ಹಾಗೂ ಕಾಣಲಿಲ್ಲ. ಹಾಗಾಗಿ ಆ ನಿಯಮ ಹೋಗಿದ್ದು ಸರಿ ಅಂತಲೇ ನನ್ನ ಅಭಿಪ್ರಾಯ. ಆದರೆ ಆ ಜಾಗ ಈಗ ಖಾಲಿ ಇದೆ. ಇನ್ನೊಂದು ಕಡೆ ಚಾಟ್‌ಜಿಪಿಟಿ ಬಂದು ಕೂತಿದೆ. ಒಂದು ಅಧ್ಯಾಯ ಬೇಕು ಅಂದರೆ ಒಂದು ಅಧ್ಯಾಯ ಬರೆದುಕೊಡುತ್ತದೆ. ಇಂಥ ಹೊತ್ತಲ್ಲಿ ಒಬ್ಬರು ನಿಜವಾಗಿ ಕೆಲಸ ಮಾಡಿದ್ದಾರಾ ಅಂತ ತಿಳಿಯಬೇಕಾದರೆ, ವಿಷಯ ಬಲ್ಲವರ ಮುಂದೆ ಅವರನ್ನು ಕೂರಿಸಿ ಮಾತಾಡಿಸಬೇಕು. ಮಲೆನಾಡಿನಲ್ಲಿ ವಿಷಯ ಬಲ್ಲವರು ಎಷ್ಟೋ ಸಲ ಯೂನಿವರ್ಸಿಟಿಯ ಹೊರಗೇ ಇರುತ್ತಾರೆ.

ಅಡಿಕೆಯ ಎಲೆಚುಕ್ಕಿ ರೋಗದ ಮೇಲೆ ಥೀಸಿಸ್ ಬರೆದವರ ಎದುರು ಆ ರೋಗಕ್ಕೆ ಅರ್ಧ ತೋಟ ಕಳೆದುಕೊಂಡ ಹೊಸನಗರದ ಒಬ್ಬರು ಕೂರಲಿ. ಯಾವ ಮದ್ದು ಹೊಡೆದರೆ ಏನಾಯಿತು, ಯಾವ ಇಳಿಜಾರಲ್ಲಿ ಮೊದಲು ಕಂಡಿತು ಅಂತ ಅವರು ಕೇಳಲಿ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ರೋಗಕ್ಕೆ ಲೋಕವೆಲ್ಲ ಆ ಕಾಡಿನ ಹೆಸರಿಟ್ಟಿತು. ನಮ್ಮವರು ಇಟ್ಟ ಹೆಸರು ಮಂಗನ ಕಾಯಿಲೆ. ಕಾಡಲ್ಲಿ ಮಂಗ ಸತ್ತು ಬೀಳುವುದನ್ನು ಕಂಡವರು ಇಟ್ಟ ಹೆಸರು ಅದು, ರೋಗದ ಮುನ್ಸೂಚನೆ ಅದರಲ್ಲೇ ಇದೆ. 2024ರಲ್ಲಿ ಕಾಳಿಂಗ ಸರ್ಪ ಒಂದೇ ಜಾತಿಯಲ್ಲ, ನಾಲ್ಕು ಅಂತ ತೋರಿಸಿದ ಅಧ್ಯಯನ ಬಂತಲ್ಲ, ಅದರ ಮುಂದಾಳು ಪಿ. ಗೌರಿಶಂಕರ್ ವರ್ಷಗಟ್ಟಲೆ ಆಗುಂಬೆ ಕಡೆ ಕೆಲಸ ಮಾಡಿದವರು. ನಮ್ಮ ಪಶ್ಚಿಮ ಘಟ್ಟದ ಹಾವಿಗೆ ಈಗ ವಿಜ್ಞಾನದಲ್ಲಿ ಒಫಿಯೊಫಾಗಸ್ ಕಾಳಿಂಗ ಅಂತಲೇ ಹೆಸರು. ಊರಿನ ಮಾತು ವಿಜ್ಞಾನದ ಪುಸ್ತಕದಲ್ಲಿ ಹೀಗೆ ಕೂತಿದ್ದು ನೋಡಿ ನನಗೆ ಹೆಮ್ಮೆ ಆಯಿತು.

ಊರಿನ ಬಲ್ಲವರನ್ನೂ ವೈವಾಗೆ ಕರೆಯೋಣ ಅಂತ ಹೇಳಿದಾಗ ಒಬ್ಬ ಹಿರಿಯ ಅಧ್ಯಾಪಕರು ಕೇಳಿದರು, "ಅಲ್ಲಮ್ಮ, ಹಳ್ಳಿಯವರು ಥಿಯರಿ ಬಗ್ಗೆ ಏನು ಹೇಳ್ತಾರೆ?" ಥಿಯರಿ ಬಗ್ಗೆ ಅವರು ಹೇಳುವುದು ಬೇಡ ಸರ್. ಪದವಿ ಕೊಡುವ ತೀರ್ಮಾನ ಪರೀಕ್ಷಕರದೇ ಇರಲಿ. ನಾನು ಕೇಳುತ್ತಿರುವುದು ಒಂದು ಕುರ್ಚಿ, ಒಂದು ಪ್ರಶ್ನೆ ಕೇಳುವ ಅವಕಾಶ, ಬಸ್ ಚಾರ್ಜು, ಮಧ್ಯಾಹ್ನದ ಊಟ. ಇನ್ನೊಬ್ಬ ಗೆಳತಿ ಎತ್ತಿದ ಮಾತು ಇದಕ್ಕಿಂತ ಗಟ್ಟಿಯಾಗಿತ್ತು. ಅವಳು ಕೂಲಿ ಮತ್ತು ಜಾತಿ ಬಗ್ಗೆ ಕೆಲಸ ಮಾಡಿದವಳು. "ನನ್ನ ವೈವಾಗೆ ಊರವರನ್ನು ಕರೆದರೆ ಮೊದಲ ಸಾಲಲ್ಲಿ ಬಂದು ಕೂರೋದು ಊರ ಯಜಮಾನರು. ನನ್ನ ಹತ್ತಿರ ಬಾಯಿ ಬಿಟ್ಟ ಹೆಂಗಸರ ಗತಿ ಏನು?" ಅಂದಳು. ಅವಳ ಮಾತು ನಿಜ. ಅಂಥ ಕಡೆ ಬಾಗಿಲು ಮುಚ್ಚಿರಬೇಕು. ಯಾರನ್ನು ಕರೆಯಬೇಕು, ಯಾರನ್ನು ಬೇಡ ಅಂತ ನಿರ್ಧರಿಸುವುದನ್ನೂ ಸಂಶೋಧನೆಯ ಭಾಗ ಅಂತಲೇ ಕಲಿಸಬೇಕು. ನಮ್ಮ ಕೋರ್ಸ್‌ವರ್ಕಿನಲ್ಲಿ ಇದರ ಬಗ್ಗೆ ಒಂದು ತಾಸಿನ ಪಾಠವೂ ಆಗಿರಲಿಲ್ಲ.

ಈಗ ನನ್ನ ಕಿರಿಯ ಗೆಳತಿಯೊಬ್ಬಳು ಭೂಮಿ ಹುಣ್ಣಿಮೆ ಹಬ್ಬಕ್ಕೆ ಸಿಂಗರಿಸುವ ಭೂಮಣ್ಣಿ ಬುಟ್ಟಿಯ ಚಿತ್ತಾರದ ಮೇಲೆ ಕೆಲಸ ಮುಗಿಸುತ್ತಿದ್ದಾಳೆ. ಥೀಸಿಸ್ ಕೊಡುವ ಮೊದಲು ವಿಭಾಗದಲ್ಲಿ ಒಂದು ಮಂಡನೆ ಹೇಗೂ ಆಗಲೇಬೇಕು. ಅದಕ್ಕೂ ಮೊದಲು ಅದೇ ಮಂಡನೆಯನ್ನು ಹಳ್ಳಿಯಲ್ಲಿ, ಜಗಲಿ ಮೇಲೆ, ಫೋಟೋಗಳನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿಕೊಂಡು ಮಾಡೋಣ ಅಂತ ಹೇಳಿದೆ. ಅವಳ ಗೈಡ್ ಒಪ್ಪಿದರು, ತಾವೂ ಬರುತ್ತೇನೆ ಅಂದರು. ಅಜ್ಜಿಯನ್ನು ಕೇಳಲು ಹೋದ ವಾರ ಮಳೆಯಲ್ಲೇ ಹೋಗಿದ್ದೆವು. ತಿದ್ದಿದ ಪುಟ 142ನ್ನೂ ಒಯ್ದಿದ್ದೆ. ಅದನ್ನು ನೋಡಿ "ಈಗ ಸರಿ ಆತು" ಅಂದರು.

ಸೆಪ್ಟೆಂಬರ್ ಕೊನೆಗೆ ಇಟ್ಟುಕೊಳ್ಳೋಣವಾ ಅಂತ ಕೇಳಿದೆವು. ಆಗ ಆಗಲ್ಲ ಅಂದರು. ಭೂಮಿ ಹುಣ್ಣಿಮೆಗೆ ಬುಟ್ಟಿಗೆ ಸಗಣಿ ಬಳಿದು, ಕೆಮ್ಮಣ್ಣು ಹಚ್ಚಿ ಒಣಗಿಸಬೇಕು, ಚಿತ್ತಾರ ಬರೆಯಬೇಕು, ಬೇರೆ ಮನೆಯವರದೂ ಇದೆ. ಹಬ್ಬ ಮುಗಿದ ಮೇಲೆ ಬನ್ನಿ, ಹಬ್ಬಕ್ಕೆ ಮೊದಲು ಆ ಹುಡುಗಿ ಬೇಕಾದರೆ ಬಂದು ಎರಡು ದಿನ ಕುಂಚ ಹಿಡಿಯಲಿ ಅಂದರು. ಅವಳು ಬರುತ್ತೇನೆ ಅಂದಿದ್ದಾಳೆ. ನಾನೂ ರಜೆ ಹಾಕಿದ್ದೇನೆ.