ಲೀಸೆಸ್ಟರ್ ಗೆಲುವು ಲಾಟರಿಯಲ್ಲ: ಒಂದು ಸ್ಪಷ್ಟನೆ

2016ರಲ್ಲಿ ಲೀಸೆಸ್ಟರ್ ಸಿಟಿ ತಂಡವು ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ಫುಟ್‌ಬಾಲ್ ಟೂರ್ನಿ ಗೆದ್ದದ್ದು ಬರೀ ಅದೃಷ್ಟದಿಂದ, ಆಟದಂತೆ ಬದುಕೂ ಲಾಟರಿಯೇ ಎಂಬ ಸಂದೇಶವೊಂದು ಹರಿದಾಡುತ್ತಿದ್ದು, ಅದು ಸರಿಯಲ್ಲ. ಟೂರ್ನಿಗೆ ಮುನ್ನ ಲೀಸೆಸ್ಟರ್ ಗೆಲುವಿನ ಬಗ್ಗೆ ಕೇಳಿಬಂದ 5000ಕ್ಕೆ 1 (ಅಂದರೆ ಗೆದ್ದರೆ ಕಟ್ಟಿದ ಪಣದ 5000 ಪಟ್ಟು ಲಾಭ) ಎಂಬ ದರವು ಬೆಟ್ಟಿಂಗ್ ಸಂಸ್ಥೆಗಳು ವ್ಯಾಪಾರಕ್ಕೆಂದು ಇಟ್ಟ ಬೆಲೆಯೇ ಹೊರತು ಅಳೆದು ತೂಗಿದ ಸಂಭವನೀಯತೆಯಲ್ಲ. ಗೋಲುಗಳೇ ವಿರಳವಾದ ಫುಟ್‌ಬಾಲ್‌ನಲ್ಲಿ ಒಂದು ತಪ್ಪು ಪಾಸ್ ಇಡೀ ಪಂದ್ಯವನ್ನು ತಲೆಕೆಳಗು ಮಾಡಬಲ್ಲದು, ನಿಜ. ಆದರೆ 38 ಪಂದ್ಯಗಳಲ್ಲಿ ಮೂರನ್ನಷ್ಟೇ ಸೋತು, 81 ಅಂಕ ಗಳಿಸಿ, ಎರಡನೇ ಸ್ಥಾನದ ಆರ್ಸೆನಲ್‌ಗಿಂತ 10 ಅಂಕ ಮುಂದಿದ್ದ ತಂಡವನ್ನು ಅದೃಷ್ಟವೊಂದೇ ದಡ ಸೇರಿಸಿತೆನ್ನುವುದು ಆಟಗಾರರಿಗೆ ಮಾಡುವ ಅನ್ಯಾಯ. ಆಟವಿರಲಿ, ಬದುಕಿರಲಿ, ನಮ್ಮನ್ನು ಕೊನೆಯವರೆಗೂ ಹಿಡಿದಿಡುವುದು ಪಟ್ಟ ಶ್ರಮ ಫಲಿಸೀತೋ ಇಲ್ಲವೋ ಎಂಬ ಕುತೂಹಲ. ಲಾಟರಿಯಲ್ಲಿ ಅದಕ್ಕೆ ಜಾಗವಿಲ್ಲ, ಏಕೆಂದರೆ ಚೀಟಿ ಕೊಂಡ ಮೇಲೆ ಕೊಂಡವರು ಮಾಡಬೇಕಾದದ್ದು ಏನೂ ಉಳಿದಿರುವುದಿಲ್ಲ.