ನಮ್ಮಲ್ಲೂ ಮೇಜರ್ ಬದಲಾಗತ್ತೆ, ಡಿಗ್ರಿ ಮುಗಿದ್ಮೇಲೆ

ನಾನಿರೋ ಅಮೆರಿಕದಲ್ಲಿ ಹುಡುಗ್ರು ಅಂಗಿ ಬದಲಾಯಿಸಿದ ಹಾಗೆ ಮೇಜರ್ (ಡಿಗ್ರಿಯ ಮುಖ್ಯ ವಿಷಯ) ಬದಲಾಯಿಸ್ತಾರೆ ಅಂತ ಊರಲ್ಲಿ ಸುಮಾರು ಜನರ ನಂಬಿಕೆ. ಪೂರ್ತಿ ಸುಳ್ಳೇನಲ್ಲ. 2011-12ರಲ್ಲಿ ಕಾಲೇಜು ಸೇರಿದವ್ರನ್ನ ಇಲ್ಲಿನ ಶಿಕ್ಷಣ ಇಲಾಖೆ ಗಮನಿಸಿದಾಗ, ಬ್ಯಾಚುಲರ್ಸ್ ಮಾಡ್ತಿದ್ದವ್ರಲ್ಲಿ ಮೂರನೇ ಒಂದು ಭಾಗ ಮೂರೇ ವರ್ಷದೊಳಗೆ ಮೇಜರ್ ಬದಲಾಯಿಸಿದ್ರು, ಮ್ಯಾಥ್ಸ್ ತಗೊಂಡವ್ರಲ್ಲಂತೂ ಅರ್ಧಕ್ಕಿಂತ ಜಾಸ್ತಿ, 52%.

ಆದ್ರೆ ಇದು ಧೈರ್ಯದ ಮಾತಲ್ಲ, ಲೆಕ್ಕದ ಮಾತು. ಸಾಮಾನ್ಯವಾಗಿ ಡಿಗ್ರಿಗೆ 120 ಕ್ರೆಡಿಟ್ (ಕೋರ್ಸ್ ಮುಗಿಸಿದ್ರೆ ಸಿಗೋ ಪಾಯಿಂಟ್) ಬೇಕು, ಮೊದಲ ಒಂದೆರಡು ವರ್ಷದಲ್ಲಿ ತಗೊಳ್ಳೋ ಇಂಗ್ಲಿಷ್, ಹಿಸ್ಟರಿ, ಮ್ಯಾಥ್ಸ್ ಎಲ್ಲಾ ಹೆಚ್ಚುಕಮ್ಮಿ ಯಾವ ಮೇಜರ್‌ಗೂ ನಡೆಯತ್ತೆ, ಅಷ್ಟರೊಳಗೆ ಬದಲಾಯಿಸಿದ್ರೆ ವ್ಯರ್ಥ ಆಗೋ ಕ್ರೆಡಿಟ್ ಕಮ್ಮಿ. ನನ್ನ ಮಗಳು ಎರಡನೇ ವರ್ಷದ ನಡುವೆ ಬಯಾಲಜಿ ಬಿಟ್ಟು ಎಕನಾಮಿಕ್ಸ್‌ಗೆ ಹೋದ್ಲು (ಆರ್ಗ್ಯಾನಿಕ್ ಕೆಮಿಸ್ಟ್ರಿ ಅನ್ನೋ ಪೇಪರ್ ಇಲ್ಲಿ ಎಷ್ಟು ಜನರ ಡಾಕ್ಟರ್ ಕನಸನ್ನ ನುಂಗಿದ್ಯೋ!). ಊರಿಂದ ಅಮ್ಮ ಫೋನಲ್ಲಿ "ಫೇಲ್ ಆದ್ಲೇನೋ?" ಅಂದ್ರು. ಇಲ್ಲಿ ಅಡ್ವೈಸರ್ ಕೇಳಿದ್ದು ಒಂದೇ, ಯಾವ ಕೋರ್ಸ್ ಮುಗ್ದಿದೆ, ಯಾವ್ದು ಹೊಸ ಮೇಜರ್‌ಗೆ ಲೆಕ್ಕಕ್ಕೆ ಬರತ್ತೆ ಅಂತ. ಮೂರನೇ ವರ್ಷ ಆಗಿದ್ರೆ ಇನ್ನೊಂದು ವರ್ಷದ ಫೀಸು ನನ್ನ ತಲೆ ಮೇಲೆ ಬೀಳ್ತಿತ್ತು, ಆಗ ನಾನೂ ಇಷ್ಟು ಉದಾರವಾಗಿ ಬರೀತಿರ್ಲಿಲ್ಲ ಬಿಡಿ.

ಎಲ್ಲಾ ಬಾಗಿಲೂ ತೆರೆದಿರೋದೂ ಇಲ್ಲ. ಅರ್ಬಾನಾ-ಶಾಂಪೇನ್‌ನ ಇಲಿನಾಯ್ ಯೂನಿವರ್ಸಿಟಿ, ಸಿಯಾಟಲ್‌ನ ಯೂನಿವರ್ಸಿಟಿ ಆಫ್ ವಾಷಿಂಗ್ಟನ್ ಥರದ ಕಡೆ ಬೇರೆ ಮೇಜರ್‌ನಲ್ಲಿ ಸೇರಿ ಆಮೇಲೆ ಕಂಪ್ಯೂಟರ್ ಸೈನ್ಸ್‌ಗೆ ಹಾರ್ತೀನಿ ಅಂದ್ರೆ ತುಂಬಾ ಕಷ್ಟ. ಊರಿಂದ ಎಫ್-1 (ವಿದ್ಯಾರ್ಥಿ) ವೀಸಾದಲ್ಲಿ ಬರೋ ಮಕ್ಕಳಿಗೆ ಇನ್ನೊಂದು ಗಂಟು, ಮೇಜರ್ ಬದಲಾದ್ರೆ ಐ-20 (ವೀಸಾಗೆ ಬೇಕಾಗೋ, ಕಾಲೇಜು ಕೊಡೋ ಪತ್ರ) ಬದಲಾಗ್ಬೇಕು, ಹೊಸ ಮೇಜರ್‌ಗೆ ಸ್ಟೆಮ್ (ಸೈನ್ಸ್, ಟೆಕ್ನಾಲಜಿ, ಇಂಜಿನಿಯರಿಂಗ್, ಮ್ಯಾಥ್ಸ್) ಕೋಡ್ ಇಲ್ದಿದ್ರೆ ಓಪಿಟಿಯ (ಓದು ಮುಗಿದ್ಮೇಲೆ ಇಲ್ಲೇ ಕೆಲಸ ಮಾಡೋಕೆ ಸಿಗೋ ಅನುಮತಿ) 12 ತಿಂಗಳ ಮೇಲೆ ಸಿಗೋ 24 ತಿಂಗಳ ಎಕ್ಸ್‌ಟೆನ್ಷನ್ ಇಲ್ಲ. ತಮಾಷೆ ಅಂದ್ರೆ ಸಾದಾ ಎಕನಾಮಿಕ್ಸ್ ಸ್ಟೆಮ್ ಅಲ್ಲ, ಅದಕ್ಕೇ ಇಕಾನೊಮೆಟ್ರಿಕ್ಸ್ (ಅಂಕಿಅಂಶದ ಎಕನಾಮಿಕ್ಸ್) ಕೋಡ್ ಹಾಕಿದ್ರೆ ಸ್ಟೆಮ್! ಯಾವ ಕೋಡು ಅಂತ ಇಂಟರ್‌ನ್ಯಾಷನಲ್ ಆಫೀಸಲ್ಲಿ ಮೊದಲೇ ಕೇಳ್ಕೊಳ್ಳಿ.

ಈಗ ನಮ್ಮ ಕಡೆ. ಹದಿನೈದು ಹದಿನಾರು ವಯಸ್ಸಿಗೆ ಪಿಯುಸಿಯಲ್ಲಿ ಪಿಸಿಎಂಬಿನೋ ಕಾಮರ್ಸೋ ಅಂತ ಮನೆಯವ್ರೆಲ್ಲಾ ಕೂತು ತೀರ್ಮಾನ, ಅಲ್ಲಿ ಮ್ಯಾಥ್ಸ್ ಬಿಟ್ರೆ ಇಂಜಿನಿಯರಿಂಗ್ ಬಾಗಿಲು ಮುಚ್ಚಿದ ಹಾಗೇ. ಸಿಇಟಿಯಲ್ಲಿ ಒಂದ್ಸಲ ಸೀಟು ಸಿಕ್ತು ಅಂದ್ರೆ ಬಿಡೋದು ಪಾಪ. ವಿಟಿಯುನಲ್ಲಿ ಎರಡನೇ ವರ್ಷಕ್ಕೆ ಬ್ರ್ಯಾಂಚ್ ಚೇಂಜ್ ಇದೆ, ಆದ್ರೆ ಸೀಟು ಖಾಲಿ ಇರ್ಬೇಕು, ಮಾರ್ಕ್ಸೂ ಬೇಕು, ಅಂದ್ರೆ ಬ್ರ್ಯಾಂಚ್ ಹಿಡಿಸ್ದೆ ಒದ್ದಾಡಿ ಮಾರ್ಕ್ಸ್ ಕಳ್ಕೊಂಡವನಿಗೆ ಅದು ಸಿಗೋದೇ ಇಲ್ಲ!

ಹಾಗಂತ ನಮ್ಮಲ್ಲಿ ಯಾರೂ ಬದಲಾಯಿಸಲ್ವಾ? ಸಿವಿಲ್, ಮೆಕ್ಯಾನಿಕಲ್ ಓದಿದವ್ರು ಬೆಂಗಳೂರಲ್ಲಿ ಜಾವಾ ಬರೀತಿಲ್ವಾ, ಬಿಇ ಮಾಡ್ಕೊಂಡು ಕೆಎಎಸ್‌ಗೆ ಕೂತಿಲ್ವಾ? ನಾವು ನಾಲ್ಕು ವರ್ಷ ಮುಗಿಸಿ ಬದಲಾಯಿಸ್ತೀವಿ, ಆ ಖರ್ಚನ್ನ ಯಾರೂ ಲೆಕ್ಕ ಹಾಕಲ್ಲ, ನಷ್ಟ ಅಂತನೂ ಕರೆಯಲ್ಲ. ನನ್ನ ಪ್ರಕಾರ ಇದೇ ಹೆಚ್ಚು ದುಬಾರಿ.

ಅಕ್ಕನ ಮಗ ದಾವಣಗೆರೆಯಲ್ಲಿ ಎಲೆಕ್ಟ್ರಾನಿಕ್ಸ್ ಎರಡನೇ ಸೆಮ್, "ಮಾಮಾ, ಬಿಟ್ಬಿಡ್ಲಾ?" ಅಂತಾನೆ. ಹಿಡಿಸದೇ ಇರೋದು ಸಬ್ಜೆಕ್ಟಾ ಅಥ್ವಾ ಪಾಠ ಮಾಡೋ ಮೇಷ್ಟ್ರಾ ಅಂತ ಕೇಳಿದೆ, ಗೊತ್ತಿಲ್ಲ ಅಂದ. ಹಾಗಾದ್ರೆ ಐದನೇ ಸೆಮ್ ಸಿಲಬಸ್ ತೆಗೆದು ಓದು, ಸೀನಿಯರ್ ಜೊತೆ ಒಂದಿನ ಲ್ಯಾಬಲ್ಲಿ ಕೂತು ಬಾ, ಆಮೇಲೂ ಬೇಡ ಅನ್ಸಿದ್ರೆ ಅಮ್ಮನ ಹತ್ರ ನಾನು ಮಾತಾಡ್ತೀನಿ ಅಂದಿದೀನಿ. ಅಕ್ಕ ಆಗಿಂದ ನನ್ನ ಫೋನ್ ಎತ್ತುತಿಲ್ಲ.