ಹಿಮ ನಿಂತ ಮಾರನೇ ದಿನವೇ ಶಿಕಾರಿಗೆ ಹೊರಡಬೇಡಿ

ಅಮೆರಿಕದ ಸೌತ್ ಡಕೋಟಾದಲ್ಲಿ ಫೆಸೆಂಟ್ (ಕೋಳಿ ಜಾತಿಯ ಉದ್ದ ಬಾಲದ ಹಕ್ಕಿ) ಬೇಟೆಯ ಸೀಸನ್ ಅಕ್ಟೋಬರ್ ಮೂರನೇ ಶನಿವಾರ ಶುರುವಾಗಿ ಜನವರಿ 31ರವರೆಗೂ ನಡೆಯುತ್ತದೆ. ಮೊದಲ ವಾರ ಎಲ್ಲಿ ನೋಡಿದರೂ ಬೇಟೆಗಾರರ ಕಿತ್ತಳೆ ಟೋಪಿಗಳು. ಜನವರಿ ಬಂತೆಂದರೆ ಸಾರ್ವಜನಿಕ ಜಾಗಗಳಲ್ಲಿ ಜನವೇ ಕಮ್ಮಿ. ಹಿಮ ಬೇರೆ ಜೋರಾಗಿ ಬಿದ್ದಿದೆ, ಹಕ್ಕಿಗಳೆಲ್ಲ ಒಂದೇ ಕಡೆ ಸಿಗುತ್ತವೆ, ನಾಳೆಯೇ ಹೋಗೋಣ ಅಂತ ಗೆಳೆಯರು ಕೇಳುತ್ತಿದ್ದಾರೆ. ಹೋಗೋಣ, ಖಂಡಿತ. ಆದರೆ ನಾಳೆಯೇ ಬೇಡ. ಹೋದ ದಿನವೂ ಸಂಜೆವರೆಗೆ ಬೇಡ.

ಹಕ್ಕಿಗಳು ಒಂದೇ ಕಡೆ ಯಾಕೆ ಸೇರುತ್ತವೆ ಅಂತ ನೋಡಿ. ಇಲ್ಲಿ ಚಳಿಗಾಲದ ಗಾಳಿ ಹೆಚ್ಚಾಗಿ ವಾಯವ್ಯದಿಂದ ಬೀಸುತ್ತದೆ. ಬಯಲಿನ ಹಿಮವನ್ನೆಲ್ಲ ಬಾಚಿ ತಂದು ಹುಲ್ಲು, ಜೊಂಡಿನೊಳಗೆ ತುರುಕುತ್ತದೆ. ಮೊದಲು ಹುಲ್ಲುಗಾವಲು ಮುಚ್ಚುತ್ತದೆ, ಆಮೇಲೆ ಸಣ್ಣ ಜವುಗುಗಳು. ದೊಡ್ಡ ಜವುಗಿನಲ್ಲೂ ಗಾಳಿ ಕಡೆಯ ಅಂಚು ಪೂರ್ತಿ ಮುಚ್ಚಿಹೋಗಿ, ಆಗ್ನೇಯದ ಕಡೆಯ ಜೊಂಡು ಮಾತ್ರ ನೆಟ್ಟಗೆ ನಿಂತಿರುತ್ತದೆ. ಸುತ್ತಮುತ್ತಲಿನ ಹಕ್ಕಿಗಳೆಲ್ಲ ಅಲ್ಲೇ. ನಮಗೆ ಅನುಕೂಲ, ನಿಜ. ಆದರೆ ಅವಕ್ಕೆ ಉಳಿದಿರುವ ಮನೆ ಅದೊಂದೇ ಅಲ್ವಾ?

ಹೊಡೆಯಲು ಅವಕಾಶ ಇರುವುದು ಹುಂಜ ಮಾತ್ರ, ಒಬ್ಬರಿಗೆ ದಿನಕ್ಕೆ 3. ಒಂದು ಹುಂಜ ಹಲವು ಹೇಂಟೆಗಳ ಜೊತೆ ಕೂಡುವುದರಿಂದ ಅದರಿಂದ ಸಂತತಿಗೆ ಪೆಟ್ಟಿಲ್ಲ. ಮುಂದಿನ ವರ್ಷದ ಹಕ್ಕಿ ಎಷ್ಟು ಅನ್ನುವುದು ಈ ಚಳಿಗಾಲ ದಾಟುವ ಹೇಂಟೆಗಳ ಮೇಲೆ ನಿಂತಿದೆ. ಫೆಸೆಂಟ್ ಬರೀ ಹಸಿವಿನಿಂದ ಸಾಯುವುದು ಕಮ್ಮಿ. ಚಳಿಗಾಳಿಗೆ ಸಿಕ್ಕಿ, ಇಲ್ಲವೇ ನರಿ, ಗಿಡುಗ, ಗೂಬೆಗಳ ಬಾಯಿಗೆ ಬಿದ್ದು ಸಾಯುವುದೇ ಜಾಸ್ತಿ. ಸಂಜೆ ನಾಲ್ಕೂವರೆಗೆ ನಾವು ನಾಯಿ ನುಗ್ಗಿಸಿ ಜೊಂಡು ಪೂರ್ತಿ ಎಬ್ಬಿಸಿದರೆ, ಆ ಹೇಂಟೆಗಳು ಕತ್ತಲಾಗುವ ಹೊತ್ತಿಗೆ ಬಯಲಲ್ಲಿ ಕೂರಬೇಕು. ಬೆಳಗ್ಗೆ 10ರಿಂದ ಸೂರ್ಯ ಮುಳುಗುವವರೆಗೆ ಹೊಡೆಯಬಹುದು ಅಂತ ಕಾನೂನು ಹೇಳುತ್ತದೆ. ಸರಿ. ಭಾರಿ ಹಿಮದ ವಾರದಲ್ಲಿ ನಾನು ಮೂರಕ್ಕೇ ಕೋವಿ ಖಾಲಿ ಮಾಡುತ್ತೇನೆ. ಬಿರುಗಾಳಿ ನಿಂತ ಮೇಲೆ ಒಂದು ದಿನ ಪೂರ್ತಿ ಬಿಡುತ್ತೇನೆ, ಅವು ಹೊರಗೆ ಬಂದು ಜೋಳದ ಕೂಳೆಯಲ್ಲಿ ಹೊಟ್ಟೆ ತುಂಬಿಸಿಕೊಳ್ಳಲಿ.

ಆ ದಿನ ಸುಮ್ನೆ ಕೂರುವುದೂ ಬೇಡ. ರಾಜ್ಯದ ಬೇಟೆ ನಕ್ಷೆ ತೆಗೆದು, ಜೋಳದ ಹೊಲಕ್ಕೆ ಅಂಟಿಕೊಂಡ ದೊಡ್ಡ ಜವುಗುಗಳನ್ನು ಗುರುತು ಮಾಡಿಕೊಳ್ಳಿ. ಅಲ್ಲಿಗೆ ರಸ್ತೆ ಇದೆಯಾ ನೋಡಿ. ಒಳಗಿನ ಮಣ್ಣು ರಸ್ತೆಗಳ ಹಿಮವನ್ನು ಯಾರೂ ತೆಗೆಯುವುದಿಲ್ಲ. ಕಾರಿನಲ್ಲಿ ಸಲಿಕೆ, ಹಗ್ಗ, ಕಂಬಳಿ ಇರಲಿ, ಎಲ್ಲಿಗೆ ಹೋಗುತ್ತಿದ್ದೀರಿ ಅಂತ ಮನೆಯಲ್ಲಿ ಹೇಳಿ. ಫೆಡರಲ್ ಸರ್ಕಾರದ ಬಾತುಕೋಳಿ ಜವುಗುಗಳಲ್ಲಿ ಸೀಸದ ಚರೆ ನಿಷಿದ್ಧ, ಸ್ಟೀಲ್ ತೋಟೆ ಒಯ್ಯಿರಿ. ಮುಖ್ಯವಾದದ್ದು ಮಂಜುಗಡ್ಡೆ. ಮೇಲೆ ಹಿಮ ಕೂತರೆ ಅದು ಕಂಬಳಿ ಹೊದೆಸಿದ ಹಾಗೆ, ಕೆಳಗಿನ ನೀರು ಬೇಗ ಗಟ್ಟಿಯಾಗುವುದಿಲ್ಲ. ನಡೆಯಲು ಕಡಿಮೆಯೆಂದರೂ 4 ಇಂಚು ಗಟ್ಟಿ ಗಡ್ಡೆ ಬೇಕು. ಮಸ್ಕ್‌ರ‍್ಯಾಟ್ (ಜವುಗಿನಲ್ಲಿರುವ ದೊಡ್ಡ ಇಲಿಯಂಥ ಪ್ರಾಣಿ) ಗೂಡುಗಳ ಸುತ್ತ ತೆಳ್ಳಗಿರುತ್ತದೆ, ದೂರದಿಂದಲೇ ಸುತ್ತಿ ಹೋಗಿ.

ಕಾರು ದೂರ ನಿಲ್ಲಿಸಿ, ಬಾಗಿಲು ಧಡ್ ಅನ್ನಿಸಬೇಡಿ. ಈ ತಿಂಗಳವರೆಗೆ ಬದುಕಿದ ಹುಂಜಕ್ಕೆ ಆ ಸದ್ದು ಚೆನ್ನಾಗಿ ಗೊತ್ತು. ಗಾಳಿ ಮುಖಕ್ಕೆ ಬರುವ ಹಾಗೆ ನಡೆಯಿರಿ. ಜೊಂಡಿನ ಅಂಚಿನಲ್ಲಿ ಮೂರು ಬೆರಳಿನ ಹೆಜ್ಜೆಗಳು, ನಡುವೆ ಬಾಲ ಎಳೆದ ಸಣ್ಣ ಗೀರು ಕಾಣಿಸುತ್ತದೆ. ಅದು ಬಾಗಿದ ಜೊಂಡಿನ ಕೆಳಗೆ ಹೋಗಿ ನಿಂತಿದ್ದರೆ ನೀವೂ ನಿಲ್ಲಿ. ನಾಯಿಯ ಬಾಲ ಬಿರುಸಾಗುತ್ತದೆ, ಹಿಮ ಚಿಮ್ಮುತ್ತದೆ, ಕೊಕ್ ಕೊಕ್ ಅಂತ ಹುಂಜ ಏಳುತ್ತದೆ. ಕತ್ತಿನ ಬಿಳಿ ಪಟ್ಟಿ ಕಾಣದಿದ್ದರೆ, ಕೂಗು ಕೇಳದಿದ್ದರೆ ಈಡು ಬೇಡವೇ ಬೇಡ. ಬಿಸಿಲಿಗೆ ಎದುರಾಗಿ ನೋಡಿದರೆ ಹೇಂಟೆಯೂ ಕಪ್ಪಾಗಿಯೇ ಕಾಣುತ್ತದೆ. ನಡುನಡುವೆ ನಾಯಿಯ ಪಾದ ನೋಡಿ, ಬೆರಳ ಸಂದಿಯಲ್ಲಿ ಹಿಮದ ಉಂಡೆ ಕಟ್ಟಿರುತ್ತದೆ. ಗ್ಲೌಸ್ ತೆಗೆದು ಕೈಯ ಬಿಸಿಯಲ್ಲೇ ಕರಗಿಸಿ, ಕೀಳಬೇಡಿ.

ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಬೆಳೆದ ನಮ್ಮೂರಿನವರಿಗೆ ಶಿಕಾರಿ ಅಂದರೆ ಕಳ್ಳತನದ ಕೆಲಸ. ಅವರ ಬೇಸರ ನನಗೆ ಅರ್ಥವಾಗುತ್ತದೆ. ಇಲ್ಲಿ ಈ ಜವುಗುಗಳಲ್ಲಿ ಎಷ್ಟೋ ಉಳಿದಿರುವುದು ಬೇಟೆಗಾರರ ದುಡ್ಡಿನಿಂದ, 1934ರಿಂದ ಮಾರುತ್ತಿರುವ ಡಕ್ ಸ್ಟ್ಯಾಂಪ್ (ಬಾತುಕೋಳಿ ಬೇಟೆಗಾರರು ಕೊಳ್ಳಬೇಕಾದ ಫೆಡರಲ್ ಚೀಟಿ) ಹಣದಿಂದ. ದುಡ್ಡು ಕೊಟ್ಟಿದ್ದೇವೆ ಅಂತ ಕೊನೇ ಜೊಂಡನ್ನೂ ಸಂಜೆವರೆಗೆ ತುಳಿಯುವ ಹಕ್ಕು ಬರುವುದಿಲ್ಲ.

ಭಾನುವಾರ ರಾತ್ರಿಯವರೆಗೂ ಹಿಮ ಅಂತ ಮುನ್ಸೂಚನೆ ಇದೆ. ನಾನು ಮಂಗಳವಾರಕ್ಕೆ ರಜೆ ಹಾಕಿದ್ದೇನೆ. ಮೂರು ಗಂಟೆಗೆ ವಾಪಸ್ ಹೊರಡಲು ಒಪ್ಪುವವರು ಹೇಳಿ, ಕಾರಿನಲ್ಲಿ ಇಬ್ಬರಿಗೆ ಜಾಗ ಇದೆ.